ವೆರೋನಾದ ರೋಮನ್ ಬಯಲು ರಂಗಮಂದಿರ ಇಂದಿಗೂ ಬಳಕೆಯಲ್ಲಿರುವುದು ಹೇಗೆ?

ಇಟಲಿಯ ವೆರೋನಾ ನಗರದ ಅರೀನಾ ಸುಮಾರು 2000 ವರ್ಷಗಳ ನಂತರವೂ ಪ್ರೇಕ್ಷಕರನ್ನು ಕೂರಿಸಿಕೊಳ್ಳುತ್ತಿದೆ. ಅದರ ಮೆಟ್ಟಿಲು ಆಸನಗಳನ್ನು ಹೊತ್ತಿರುವ ಒಳಗಿನ ಕಮಾನುಗಳು ಉಳಿದುಕೊಂಡಿರುವುದೂ, ಶಿಥಿಲಗೊಂಡ ಮೆಟ್ಟಿಲುಗಳನ್ನು ನಗರವು ಕಾಲಕಾಲಕ್ಕೆ ದುರಸ್ತಿ ಮಾಡುತ್ತ ಬಂದಿರುವುದೂ ಇದಕ್ಕೆ ಕಾರಣ.

ಕ್ರಿಸ್ತಶಕ 1ನೇ ಶತಮಾನದಲ್ಲಿ ಇದನ್ನು ಕಟ್ಟಿದ್ದು ಗ್ಲಾಡಿಯೇಟರ್‌ಗಳ, ಅಂದರೆ ಜನರ ಮುಂದೆ ಶಸ್ತ್ರ ಹಿಡಿದು ಕಾದಾಡುತ್ತಿದ್ದವರ, ಕಾಳಗಕ್ಕಾಗಿ. 1117ರ ಭೂಕಂಪದಲ್ಲಿ ಹೊರಗಿನ ಗೋಡೆ ಬಹುಪಾಲು ಕುಸಿಯಿತು. ಬಿದ್ದ ಕಲ್ಲುಗಳು ಬೇರೆ ಕಟ್ಟಡಗಳ ಪಾಲಾದವು. ಆ ಗೋಡೆಯಲ್ಲಿ ಇಂದು ನಿಂತಿರುವುದು ನಾಲ್ಕು ಕಮಾನುಗಳಷ್ಟು ಅಗಲದ ಒಂದು ತುಂಡು ಮಾತ್ರ, ಆದರೆ ಮೂಲ ಕಟ್ಟಡದ ಎತ್ತರವನ್ನು ಊಹಿಸಲು ಆ ತುಂಡೇ ಸಾಕು.

ಕಾಳಗಕ್ಕೆ ಕಟ್ಟಿದ ಸ್ಥಳ ಸಂಗೀತಕ್ಕೆ ಒಗ್ಗಿದ್ದರ ಗುಟ್ಟು ಆಸನಗಳ ಏರಿನಲ್ಲಿದೆ. ಸಮತಟ್ಟಾದ ಬಯಲಿನಲ್ಲಿ ಧ್ವನಿಯು ಮುಂದಿನವರ ತಲೆಗಳ ಮೇಲೆ ಸವರಿಕೊಂಡು ಸಾಗುವಾಗ ಬೇಗನೆ ಕ್ಷೀಣಿಸುತ್ತದೆ. ಇಲ್ಲಿ ಪ್ರತಿ ಸಾಲೂ ಮುಂದಿನ ಸಾಲಿಗಿಂತ ಎತ್ತರದಲ್ಲಿರುವುದರಿಂದ ನೋಟವೂ ಧ್ವನಿಯೂ ಅಡ್ಡಿಯಿಲ್ಲದೆ ನೇರವಾಗಿ ತಲುಪುತ್ತವೆ. ಸಂಗೀತ ಸಂಯೋಜಕ ವೆರ್ದಿಯ ಜನ್ಮಶತಮಾನೋತ್ಸವದ ನೆಪದಲ್ಲಿ 1913ರ ಆಗಸ್ಟ್‌ನಲ್ಲಿ ಇಲ್ಲಿ ಅವನ ‘ಆಯಿದಾ’ ಎಂಬ ಆಪೆರಾ, ಅಂದರೆ ಹಾಡಿನಲ್ಲೇ ಸಾಗುವ ನಾಟಕ, ಪ್ರದರ್ಶನಗೊಂಡಾಗ ಗಾಯಕರು ನೆಚ್ಚಿಕೊಂಡದ್ದು ಈ ರಚನೆಯನ್ನೇ, ಏಕೆಂದರೆ ಆಗ ಧ್ವನಿವರ್ಧಕಗಳಿರಲಿಲ್ಲ. ಅಂದು ಆರಂಭವಾದ ಬೇಸಿಗೆಯ ಆಪೆರಾ ಉತ್ಸವ, ಎರಡು ಮಹಾಯುದ್ಧಗಳ ಕಾಲದಲ್ಲಿ ನಿಂತಿದ್ದರೂ, ಈಗಲೂ ನಡೆಯುತ್ತಿದೆ.