ಹದಿಹರೆಯದವರ ಭಯಾನಕ ಪ್ರೇಮಕಥೆಗಳಲ್ಲಿ ಹುಡುಗಿ ರಾಕ್ಷಸನನ್ನೇ ಯಾಕೆ ಪ್ರೀತಿಸುತ್ತಾಳೆ?

ಯಾಕಂದ್ರೆ ಹಳೆ ಕಥೆಗಳಲ್ಲೇ ಅದರ ಬೀಜ ಇದೆ. 1818ರ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿ ತಗೊಳ್ಳಿ. ಮೇರಿ ಶೆಲ್ಲಿ ಅದನ್ನು ಬರೆಯಲು ಶುರು ಮಾಡಿದಾಗ ಆಕೆಗೆ ಬರೀ 18 ವರ್ಷ, ಅಂದರೆ ನಮ್ಮ ಕಾಸರಗೋಡಿನಲ್ಲಿ ಪ್ಲಸ್ ಟೂ ಮುಗಿಸಿದ ಹುಡುಗಿಯರ ವಯಸ್ಸು. ಅದರಲ್ಲಿರುವ ವಿಕಾರ ಜೀವಿ ತನ್ನನ್ನು ಮಾಡಿದವನ ಹತ್ತಿರ, ನನ್ನಂಥದ್ದೇ ಒಂದು ಹೆಣ್ಣುಜೀವ ಮಾಡಿಕೊಡು, ನಾವಿಬ್ಬರೂ ಮನುಷ್ಯರಿಂದ ದೂರ ಹೋಗಿಬಿಡುತ್ತೇವೆ ಅಂತ ಬೇಡುತ್ತದೆ. ಅವನು ಒಪ್ಪಿ, ಅರ್ಧ ಮಾಡಿ, ಹರಿದು ಹಾಕುತ್ತಾನೆ. ಎಲ್ಲರೂ ದೂರ ತಳ್ಳಿದರು ಅನ್ನುವ ಆ ಸಂಕಟ ಹದಿನಾರರ ವಯಸ್ಸಿಗೆ ಚೆನ್ನಾಗಿ ಗೊತ್ತು, ಅಲ್ವಾ?

1872ರ ‘ಕಾರ್ಮಿಲ್ಲಾ’ ಅನ್ನುವ ರಕ್ತಪಿಶಾಚಿ ಕಥೆಯಲ್ಲಂತೂ ರಕ್ತ ಹೀರುವವಳಿಗೇ ಗೆಳತಿಯ ಮೇಲೆ ಮೋಹ. ಎಲ್ಲರಿಗೂ ಗೊತ್ತಿರುವ ರಕ್ತಪಿಶಾಚಿ ಕಾದಂಬರಿ ‘ಡ್ರಾಕುಲಾ’ ಬಂದದ್ದೇ ಅದಾಗಿ 25 ವರ್ಷಕ್ಕೆ.

ನಮ್ಮ ಕಡೆಯ ಹಾಲೆಮರದ ಯಕ್ಷಿಯೂ ಹೀಗೆಯೇ. ರಾತ್ರಿ ಸುಣ್ಣ ಕೇಳುವ ಚೆಲುವೆ, ಹತ್ತಿರ ಹೋದರೆ ಸಾವು. ಆದರೆ ಅಜ್ಜಿ ಹೇಳುವ ಕಥೆಯಲ್ಲಿ ಯಕ್ಷಿಯ ಮನಸ್ಸಲ್ಲಿ ಏನಿದೆ ಅಂತ ಯಾರೂ ಕೇಳುವುದಿಲ್ಲ. ಹೊಸ ಕಾದಂಬರಿಗಳು ಕೇಳುತ್ತವೆ.

ಕೆಲವರು ಮಾತ್ರ ರಾಕ್ಷಸನನ್ನು ಸುಮ್ನೆ ಚಂದದ ಹುಡುಗ ಮಾಡಿಬಿಡುತ್ತಾರೆ. ಹಲ್ಲು ಕಿತ್ತ ಮೇಲೆ ಭಯ ಎಲ್ಲಿಂದ ಬರಬೇಕು? ನೀವೇ ಬರೆಯುವುದಾದರೆ ಆಟಿ ತಿಂಗಳ ಮಳೆಯಲ್ಲಿ ಬೇಕಲ ಕೋಟೆ ಸಾಕು, ಯುರೋಪಿನ ಅರಮನೆ ಬೇಡ.