ಕ್ವಾಲಿಫೈಯಿಂಗ್ ಪರೀಕ್ಷೆಗೆ ಏನು ಓದಲಿ ಅಂತ ಕೇಳಿದ ತಮ್ಮನಿಗೆ

ತಮ್ಮಾ, ನಿನ್ನ ಪತ್ರ ಓದಿದೆ. ಸಿಂಧನೂರಿನ ಹುಡುಗ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮುಗಿಸಿ ಅಮೆರಿಕಕ್ಕೆ ಮಣ್ಣು ವಿಜ್ಞಾನದಲ್ಲಿ ಪಿಎಚ್.ಡಿ. ಮಾಡೋಕೆ ಬಂದಿದ್ದೀಯ ಅಂತ ತಿಳಿದು ಖುಷಿಯಾಯಿತು. ಚಳಿ, ಊಟ, ಬಾಡಿಗೆ ಎಲ್ಲ ಕೇಳಿದ್ದೀಯ. ಒಳ್ಳೆ ಜಾಕೆಟ್ ತಗೋ, ಜೋಳದ ಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ, ಬಸ್ ಹೋಗುವ ದಾರಿಯಲ್ಲೇ ರೂಮ್ ನೋಡು. ನಿನ್ನ ನಿದ್ದೆ ಕೆಡಿಸಿರುವುದು ಇವ್ಯಾವೂ ಅಲ್ಲ, ಮುಂದಿನ ವರ್ಷದ ಕ್ವಾಲಿಫೈಯಿಂಗ್ ಪರೀಕ್ಷೆ, ಅಂದರೆ ಪಿಎಚ್.ಡಿ. ಮುಂದುವರಿಸಲು ಸಮಿತಿಯ ಮುಂದೆ ಪಾಸಾಗಬೇಕಾದ ಪರೀಕ್ಷೆ. ಯಾವ ಪುಸ್ತಕ ಓದಲಿ, ಹಳೆ ಪ್ರಶ್ನೆಪತ್ರಿಕೆ ಸಿಗುತ್ತಾ ಅಂತ ಕೇಳಿದ್ದೀಯ, ಅಲ್ವಾ? ಗಂಗಾವತಿಯಿಂದ ಬಂದ ನಾನು ಈಗ ಇಂಥ ಪರೀಕ್ಷಾ ಸಮಿತಿಗಳಲ್ಲಿ ಕೂರುತ್ತೇನೆ. ಅಲ್ಲಿ ಕೂತು ಕಂಡದ್ದನ್ನೇ ಹೇಳುತ್ತೇನೆ.

ನಮ್ಮಲ್ಲಿ ಪರೀಕ್ಷೆ ಅಂದರೆ ಗೊತ್ತಿರುವುದನ್ನು ಅಳೆಯುವುದು. ಬೇರೆ ವಿಷಯ ಓದಿದ ನಿನ್ನ ಗೆಳೆಯರು ಕಾಲೇಜು ಅಧ್ಯಾಪಕರಾಗಲು, ಸಂಶೋಧನಾ ಫೆಲೋಶಿಪ್ ಪಡೆಯಲು ಬರೆಯುವ ಯುಜಿಸಿ ನೆಟ್ ನೋಡು. ಮೂರು ಗಂಟೆ, 150 ಪ್ರಶ್ನೆ, 300 ಅಂಕ. ನಾಲ್ಕರಲ್ಲಿ ಒಂದು ಉತ್ತರ ಗುರುತಿಸಬೇಕು. 2024ರಿಂದ ಪಿಎಚ್.ಡಿ. ಪ್ರವೇಶಕ್ಕೂ ಅದೇ ಅಂಕ ಪರಿಗಣಿಸುತ್ತಾರೆ. ಲಕ್ಷಾಂತರ ಜನರನ್ನು ಸೋಸಲು ಅದು ಬೇಕಾಗಬಹುದು. ಆದರೆ ಒಬ್ಬರು ಸಂಶೋಧನೆಗೆ ತಯಾರಾಗಿದ್ದಾರಾ ಅನ್ನುವುದು ಅದರಿಂದ ತಿಳಿಯುವುದಿಲ್ಲ. ಸಂಶೋಧನೆಯಲ್ಲಿ ನಾಲ್ಕು ಉತ್ತರ ಯಾರೂ ಕೊಡುವುದಿಲ್ಲ. ಎಷ್ಟೋ ಸಲ ಪ್ರಶ್ನೆಯೇ ಸರಿಯಾಗಿರುವುದಿಲ್ಲ.

ಹಾಗಾದರೆ ಹೇಗೆ ಅಳೆಯಬೇಕು? ನಾನು ಮಾಡುವುದು ಹೀಗೆ. ತುಂಗಭದ್ರಾ ಎಡದಂಡೆ ಕಾಲುವೆಯ ಕಥೆ ನಿನಗೆ ಗೊತ್ತು. ಹತ್ತಿ, ಜೋಳದಂಥ ಕಡಿಮೆ ನೀರಿನ ಬೆಳೆ ಅಂತ ಯೋಜನೆ ಮಾಡಿದ್ದರು, ಜನ ಭತ್ತ ಹಾಕಿದರು. ಮೇಲ್ಭಾಗದಲ್ಲಿ ನೀರು ನಿಂತು ಎಷ್ಟೋ ಹೊಲ ಉಪ್ಪು ಹತ್ತಿ ಸವಳಾಯಿತು, ಮಾನ್ವಿ ಕಡೆ ಕೊನೆಭಾಗದ ರೈತರಿಗೆ ನೀರೇ ಮುಟ್ಟಲಿಲ್ಲ. ಇಂಥ ಕಡೆಯ ಮಣ್ಣಿನ ಪರೀಕ್ಷಾ ವರದಿಯಂತೆ ಒಂದು ಹಾಳೆ ತಯಾರಿಸಿ ವಿದ್ಯಾರ್ಥಿಯ ಮುಂದಿಡುತ್ತೇನೆ. ಇ.ಸಿ., ಅಂದರೆ ಉಪ್ಪಿನ ಪ್ರಮಾಣ ತೋರಿಸುವ ವಿದ್ಯುತ್ ವಾಹಕತೆಯ ಕಾಲಮ್ಮಿನಲ್ಲಿ 1.5, 1.8 ಅಂತ ಅಂಕಿಗಳು ಇರುತ್ತವೆ. "ಈ ಹೊಲಗಳು ಸವಳಾ?" ಅಂತ ಕೇಳುತ್ತೇನೆ.

ಪುಸ್ತಕ ಬಾಯಿಪಾಠ ಮಾಡಿದವರು ತಕ್ಷಣ "ಅಲ್ಲ, ಮಿತಿ ಮೀಟರಿಗೆ 4 ಡೆಸಿಸೀಮನ್ಸ್" ಅನ್ನುತ್ತಾರೆ. ತಯಾರಾದವರು ಮೊದಲು ನನ್ನನ್ನೇ ಪ್ರಶ್ನೆ ಕೇಳುತ್ತಾರೆ: ಅಳೆದದ್ದು ಹೇಗೆ? ಯಾಕೆಂದರೆ 4ರ ಮಿತಿ ಇರುವುದು ಮಣ್ಣನ್ನು ನೀರಿನಲ್ಲಿ ಕಲಸಿ, ಆ ಪೇಸ್ಟಿನಿಂದ ತೆಗೆದ ದ್ರವಕ್ಕೆ. ಲ್ಯಾಬಿನವರು ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಹಾಕಿ ಅಳೆದಿದ್ದರೆ ಉಪ್ಪು ತೆಳುವಾಗಿ ಅಂಕಿ ಇಳಿಯುತ್ತದೆ. ಅಲ್ಲಿ 1.5 ತೋರಿಸಿದ ಕಪ್ಪು ಮಣ್ಣು ಪೇಸ್ಟಿನ ಅಳತೆಯಲ್ಲಿ 4 ದಾಟಿರಬಹುದು. ಮಾದರಿ ತೆಗೆದದ್ದು ಭತ್ತಕ್ಕೆ ನೀರು ನಿಲ್ಲಿಸಿದಾಗಲೋ, ಬೇಸಿಗೆಯಲ್ಲೋ? ಎಷ್ಟು ಆಳದಿಂದ? ಹೀಗೆ ಕೇಳುವ ವಿದ್ಯಾರ್ಥಿ ಕೊನೆಗೆ "ಇಷ್ಟರ ಮೇಲೆ ಹೇಳಲು ಆಗುವುದಿಲ್ಲ, ಹೇಳಬೇಕಾದರೆ ಇಂಥದ್ದು ಬೇಕು" ಅಂದರೆ ನನ್ನ ಮಟ್ಟಿಗೆ ಅವರು ಪಾಸ್.

ನಮ್ಮ ಮಕ್ಕಳಿಗೆ ಕಷ್ಟ ಆಗುವುದು ಇಲ್ಲೇ. ಸರ್ ಮುಂದೆ ಎದುರು ಮಾತಾಡಬಾರದು ಅಂತ ಬೆಳೆದಿರುತ್ತೇವೆ. ಸುಮ್ನೆ ಕೂತರೆ ಸಮಿತಿಯವರು ಗೊತ್ತಿಲ್ಲ ಅಂದುಕೊಳ್ಳುತ್ತಾರೆ. ಅದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಎರಡು ಗಂಟೆಯ ಮೌಖಿಕ ಪರೀಕ್ಷೆಯೊಂದರ ಮೇಲೆ ಎಲ್ಲ ತೀರ್ಮಾನಿಸಬಾರದು. ಮೊದಲ ವರ್ಷವಿಡೀ ಲ್ಯಾಬ್ ನೋಟ್‌ಬುಕ್ ನೋಡಿ, ಒಂದು ಪೇಪರ್ ಕೊಟ್ಟು ಅದರ ಲೋಪ ಬರೆಸಿ, ಬರೆದ ಸಂಶೋಧನಾ ಪ್ರಸ್ತಾವನೆ ಓದಿ, ಆಮೇಲೆ ಮಾತಾಡಿಸಬೇಕು. ಏನು ಅಳೆಯುತ್ತೇವೆ ಅಂತ ಮೊದಲೇ ಬರೆದು ಕೊಡಬೇಕು. ಇಂಗ್ಲಿಷ್ ಉಚ್ಚಾರಕ್ಕೆ ಅಂಕ ಕಳೆಯಬಾರದು. ಎಲ್ಲ ವಿಭಾಗಗಳೂ ಹೀಗೆ ಮಾಡುವುದಿಲ್ಲ. ಆದರೆ ಹೀಗೇ ಮಾಡಬೇಕು ಅಂತ ಒತ್ತಾಯ ಮಾಡುವವರು ಈಗ ಹಲವು ಕಡೆ ಇದ್ದಾರೆ.

ನೀನೀಗ ಮಾಡಬೇಕಾದದ್ದು: ವಿಭಾಗದ ಕಚೇರಿಯಲ್ಲಿ ನಿಯಮಾವಳಿ ಕೇಳು. ಎರಡನೇ ಅವಕಾಶ ಇದೆಯಾ, ಷರತ್ತಿನ ಮೇಲೆ ಪಾಸ್ ಮಾಡುತ್ತಾರಾ, ಆಗದಿದ್ದರೆ ಮಾಸ್ಟರ್ಸ್ ಪದವಿ ಕೊಟ್ಟು ಕಳಿಸುತ್ತಾರಾ ನೋಡು. ನಿನ್ನ ವೀಸಾ ವಿಶ್ವವಿದ್ಯಾಲಯದ ದಾಖಲಾತಿಗೆ ಕಟ್ಟಿಕೊಂಡಿರುವುದರಿಂದ ಇದನ್ನು ಮೊದಲೇ ತಿಳಿದಿರಬೇಕು. ಸಮಿತಿಯ ಒಬ್ಬೊಬ್ಬರನ್ನೂ ಪರೀಕ್ಷೆಗೆ ಮುಂಚೆ ಹೋಗಿ ಭೇಟಿಯಾಗು, ಇಲ್ಲಿ ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಲ್ಯಾಬಿನ ಸೀನಿಯರ್‌ಗಳನ್ನು ಕೂರಿಸಿಕೊಂಡು ಬೋರ್ಡಿನ ಮುಂದೆ ನಿಂತು ಜೋರಾಗಿ ಯೋಚನೆ ಮಾಡುವ ಅಭ್ಯಾಸ ಮಾಡು. ಹಳೆ ಪ್ರಶ್ನೆಗಳಿಗಿಂತ ಅದು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ನಿನ್ನ ಪ್ರಸ್ತಾವನೆ ಎರಡು ಪುಟ ಆದರೂ ಸರಿ, ಕಳಿಸು. ಓದಿ, ಸಮಿತಿಯಲ್ಲಿ ಕೂತಿದ್ದರೆ ಏನು ಕೇಳುತ್ತಿದ್ದೆನೋ ಅದನ್ನೆಲ್ಲ ಪಕ್ಕದಲ್ಲೇ ಬರೆದು ವಾಪಸ್ ಕಳಿಸುತ್ತೇನೆ.