ಎಫ್‌ಎಂ ಕೇಂದ್ರ ಕೈಬದಲಾದರೆ ತರಂಗಾಂತರ, ಭಾಷೆ, ಹೆಸರು ಎಲ್ಲವೂ ಬದಲಾಗುತ್ತವೆಯೇ?

ತರಂಗಾಂತರ ಬದಲಾಗುವುದಿಲ್ಲ, ಉಳಿದವು ಬದಲಾಗಬಹುದು.

ಖಾಸಗಿ ಎಫ್‌ಎಂಗೆ ಅನುಮತಿ ಕೊಡುವುದು ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ. ಖಾಸಗಿ ಎಫ್‌ಎಂ ವಿಸ್ತರಣೆಯ ಮೂರನೇ ಹಂತದ ನೀತಿಯಲ್ಲಿ (2011) ಆ ಅನುಮತಿಯ ಅವಧಿ 15 ವರ್ಷ. ಅನುಮತಿ ಇರುವುದು ಕಂಪನಿಯ ಹೆಸರಿನಲ್ಲಿ, ಅದನ್ನೇ ಸೈಟಿನಂತೆ ಮಾರಲು ಬರುವುದಿಲ್ಲ. ಹಾಗಾಗಿ ಕೈಬದಲಾಗುವುದು ಸಾಮಾನ್ಯವಾಗಿ ಕಂಪನಿಯ ಷೇರುಗಳು. ಬೆಂಗಳೂರಿನಲ್ಲಿ 2001ರ ಜುಲೈನಲ್ಲಿ ಆರಂಭವಾದ, ದೇಶದ ಮೊದಲ ಖಾಸಗಿ ಎಫ್‌ಎಂ ರೇಡಿಯೊ ಸಿಟಿಯನ್ನೇ ನೋಡಿ: ಅದರ ಕಂಪನಿ 2015ರಲ್ಲಿ ಜಾಗರಣ್ ಸಮೂಹದ ಪಾಲಾಯಿತು, ತರಂಗಾಂತರ 91.1 ಹಾಗೆಯೇ ಉಳಿಯಿತು.

ಒಬ್ಬರೇ ಇಡೀ ಊರನ್ನು ಕೊಳ್ಳುವಂತಿಲ್ಲ. ಒಂದು ನಗರದ ಒಟ್ಟು ವಾಹಿನಿಗಳಲ್ಲಿ ಒಬ್ಬರಿಗೆ ಗರಿಷ್ಠ 40%, ಜತೆಗೆ ಅಲ್ಲಿ ಕನಿಷ್ಠ ಮೂವರು ಬೇರೆ ಬೇರೆ ನಿರ್ವಾಹಕರಿರಬೇಕು. ದೇಶದ ಮಟ್ಟದಲ್ಲಿದ್ದ 15% ಮಿತಿಯನ್ನು ಮಾತ್ರ 2022ರಲ್ಲಿ ತೆಗೆದರು. ದೊಡ್ಡ ಸಮೂಹಗಳಿಗೆ ಇದರಿಂದ ದಾರಿ ಸಲೀಸಾಯಿತು ಎನ್ನಬೇಕು.

ಹಾಡಿನ ಭಾಷೆ ಬಹುಮಟ್ಟಿಗೆ ಮಾಲೀಕರ ಇಷ್ಟ, ಅಂದರೆ ಜಾಹೀರಾತುದಾರರ ಇಷ್ಟ. ಬೆಂಗಳೂರಿನಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ವಾಹಿನಿಗಳು ಒಟ್ಟಿಗಿರುವುದು ಅದಕ್ಕೇ. ಖರ್ಚು ಉಳಿಸಲು ಹೊಸ ಮಾಲೀಕರು ಬೇರೆ ಊರಿನಲ್ಲಿ ತಯಾರಾದ ಕಾರ್ಯಕ್ರಮವನ್ನೇ ಹಾಕತೊಡಗಿದರೆ ಮೊದಲು ಕಾಣೆಯಾಗುವುದು ಸ್ಥಳೀಯ ಆರ್‌ಜೆ ಮತ್ತು ಟ್ರಾಫಿಕ್ ಮಾಹಿತಿ.

ಯಾರೇ ಕೊಂಡರೂ ಸ್ವಂತ ಸುದ್ದಿ ಓದುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಬದಲಿಸದೆ ಮರುಪ್ರಸಾರ ಮಾಡಬಹುದು, ಅಷ್ಟೆ. ಸಮುದಾಯ ರೇಡಿಯೊ ಲಾಭರಹಿತ ಸಂಸ್ಥೆಗಳಿಗೆ ಮೀಸಲು, ಈ ವ್ಯಾಪಾರ ಅಲ್ಲಿ ನಡೆಯುವುದಿಲ್ಲ.